ತೊಳೆದಿಟ್ಟ ಅಪಘಾತ

ಮಾದನಾಯಕನಹಳ್ಳಿ
ಶನಿವಾರ, 8 ಅಕ್ಟೋಬರ್ 2011

ತಂಗಿ ರುಕ್ಮವ್ವಾ,

ಅಲ್ಲ, ಮಾತು ಅರ್ಧಕ್ಕೇ ಬಿಟ್ಟು ನಿನ್ನೆ ಬಸ್ ಹತ್ತಿಬಿಟ್ಟೆಯಲ್ಲ, ಉಳಿದರ್ಧ ನಾನು ಯಾರಿಗೆ ಹೇಳಲಿ? ಗೋಡೆಗೆ ಹೇಳೋಣವೆಂದರೆ ಅದೂ ಬಾಡಿಗೆಯದು. ಮೊಬೈಲನ್ನು ಇಲ್ಲೇ ಚಾರ್ಜಿಗೆ ಹಾಕಿ ಮರೆತು ಹೋಗಿದ್ದೀಯ. ಅದಕ್ಕೇ ಈ ಪತ್ರ. ರಾತ್ರಿ ಬಸ್ಸಿಗೆ ಊರಿಗೆ ಹೊರಟಿರುವ ಮಲಕಪ್ಪನ ಕೈಗೆ ಕೊಡುತ್ತೇನೆ. ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊ. ನಾನು ಆರೋಗ್ಯ. ನಿನ್ನ ಅತ್ತಿಗೆ ತೀರಿಹೋದ ಮೇಲೆ ಅನ್ನ ಬೇಯಿಸುವುದನ್ನು ಕಲಿತೆ ಎಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಅದು ಗಂಜಿಯೂ ಅಲ್ಲ, ಅನ್ನವೂ ಅಲ್ಲ. ಇರಲಿ.

ಆಯುಧಪೂಜೆಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ವರ್ಷವರ್ಷವೂ ಮಷೀನು ತೊಳೆದ ಕೈ ನಿನ್ನದು, ಒಪ್ಪಿದೆ. ಆದರೆ ಇದು ಲೇತ್ ಮಷೀನಲ್ಲವ್ವಾ! ಬಿದ್ದ ವಿಮಾನ ಯಾಕೆ ಬಿತ್ತು ಎಂದು ಪತ್ತೆ ಮಾಡುವುದನ್ನು ಕಲಿಯಲು ಜನ ಬರುವ ಜಾಗ. ನಿನ್ನನ್ನು ಇಟ್ಟುಕೊಂಡದ್ದು ಆಫೀಸು ಗುಡಿಸುವುದಕ್ಕೆ, ಬಯಲನ್ನಲ್ಲ. ಪಾಠ ಹೇಳುವ ಮುನಿಕೃಷ್ಣ ಸಾರ್ ಬಿಸಿಲಲ್ಲಿ ನಿಂತು, ಹಳೇ ವಿಮಾನದ ಚೂರುಗಳನ್ನು ನಿಜವಾಗಿ ಬಿದ್ದ ಹಾಗೆಯೇ ಬಯಲ ತುಂಬ ಹರಡಿಸಿದ್ದರು. ಯಾವ ಚೂರು ಎಲ್ಲಿ, ಯಾವ ಕಡೆ ಮುಖ ಮಾಡಿ ಬಿದ್ದಿದೆ ಅನ್ನುವುದೇ ಅಲ್ಲಿಯ ಪಾಠ. ಬೆಂಕಿ ಹತ್ತಿದ ಗುರುತಿಗೆಂದು ಮಸಿ ಬಳಿಸಿದ್ದರು. ನೀನು ಸೋಪು ಹಾಕಿ ಅದನ್ನೂ ತಿಕ್ಕಿ ತೊಳೆದೆ! ದೊಡ್ಡವು ಒಂದು ಕಡೆ, ಚಿಕ್ಕವು ಒಂದು ಕಡೆ, ಸಗಣಿ ಕುಳ್ಳು ಒಟ್ಟಿದ ಹಾಗೆ ಒಟ್ಟಿದೆ. ರೆಕ್ಕೆಗೆ ವಿಭೂತಿ, ಚೆಂಡುಹೂವು. ಚಕ್ರದ ಕೆಳಗೆ ನಿಂಬೆಹಣ್ಣು ಬೇರೆ. ಬಿದ್ದ ವಿಮಾನ ಇನ್ನೆಲ್ಲಿಗೆ ಹೊರಡಬೇಕಿತ್ತು, ಹೇಳು? ಕೇಳಿದರೆ, "ಸಾಹೇಬ್ರು ಬರಾಕತ್ತಾರ ಅಣ್ಣಾ, ಅಂಗಳ ಹಿಂಗ ಹರವಿಟ್ರ ನಮಗ ಏನಂದಾರು?" ಎಂದೆ.

ನಿನ್ನೆ ಬೆಳಿಗ್ಗೆ ಕಲಿಯಲು ಬಂದ ಹುಡುಗಿಯೊಬ್ಬಳು ಗೇಟಿನಲ್ಲೇ ನಿಂತು, "ಅಂಕಲ್, ಆಕ್ಸಿಡೆಂಟ್ ಎಲ್ಲೋಯ್ತು?" ಎಂದಳು. ಜಾಗದ ಉಸ್ತುವಾರಿ ನನ್ನದು, ಏನೆಂದು ಉತ್ತರ ಕೊಡಲಿ? "ಮೇಡಂ, ಎವಿಡೆನ್ಸ್ ಈಸ್ ವೆರಿ ಕ್ಲೀನ್" ಎಂದುಬಿಟ್ಟೆ. ಕಾಲೇಜಿನ ಇಂಗ್ಲಿಷು ಅಷ್ಟೇ ಉಳಿದಿರುವುದು. ಒಬ್ಬರೂ ನಗಲಿಲ್ಲ. ಮ್ಯಾನೇಜರು, "ಯಾರ್ರೀ ಇದ್ ಮಾಡಿದ್ದು? ಮೊದ್ಲು ಅವ್ರನ್ನ ಕೆಲ್ಸದಿಂದ ತೆಗೀರಿ!" ಎಂದು ಕೂಗಿದ್ದು ಕಿವಿಗೆ ಬಿದ್ದದ್ದೇ ನೀನು ಚೀಲ ತುಂಬಿಕೊಂಡೆ. ಮುಂದಿನ ಮಾತು ಕೇಳುವಷ್ಟು ತಾಳ್ಮೆ ಇಲ್ಲ. ಇದು ನಮ್ಮ ಮನೆತನದ ರೋಗ. ಅಪ್ಪನೂ ಹೀಗೆಯೇ, ಸೋದರತ್ತೆಯ ಮಗಳ ಮದುವೆಯಲ್ಲಿ ಎಲೆ ಹಾಕುವ ಮೊದಲೇ ಸಿಟ್ಟು ಮಾಡಿಕೊಂಡು ಎದ್ದು... ಏನೋ ಹೇಳುತ್ತಿದ್ದೆ. ಕರೆಂಟಿಲ್ಲ, ಕಿಟಕಿಯ ಬೆಳಕೂ ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ನಿಲ್ಲಿಸುತ್ತೇನೆ. ದೊಡ್ಡವ್ವನಿಗೆ ನಮಸ್ಕಾರ ಹೇಳು. ನಿನಗೆ ಆಶೀರ್ವಾದ, ಬೈಗುಳ, ಎರಡೂ.

ನಿನ್ನ ಅಣ್ಣ
ಈಶಪ್ಪ

ತಾ.ಕ.: ಮಲಕಪ್ಪ ಬಾಗಿಲಲ್ಲಿ ನಿಂತಿದ್ದಾನೆ. ನಿನ್ನ ಕೆಲಸ ಹೋಗಿಲ್ಲ. ತಪ್ಪು ಯಾರದು ಅನ್ನುವುದಲ್ಲ, ಹೇಗಾಯಿತು ಅನ್ನುವುದು ನಮ್ಮ ವಿದ್ಯೆ ಎಂದು ಮುನಿಕೃಷ್ಣ ಸಾರ್ ಮ್ಯಾನೇಜರ ಬಾಯಿ ಮುಚ್ಚಿಸಿದರು. ಹೆದರಿದ ಸಾಕ್ಷಿಯನ್ನು ಹೇಗೆ ಮಾತಾಡಿಸಬೇಕು ಅನ್ನುವುದು ಸೋಮವಾರದ ಪಾಠ. ಪ್ರತಿಸಲ ಯಾರಾದರೂ ಹೆದರಿದಂತೆ ನಟಿಸುತ್ತಿದ್ದರಂತೆ, ಈ ಸಲ ನೀನೇ ಬೇಕಂತೆ. ಭಾನುವಾರ ರಾತ್ರಿಯ ಬಸ್ಸು ಹಿಡಿ. ಯಾರೂ ಗದರಿಸುವುದಿಲ್ಲ. ಸಾರ್ ಕೇಳುವ ಮೊದಲ ಪ್ರಶ್ನೆ ಯಾವುದೆಂದು ಕೇಳಿಕೊಂಡೇ ಬಂದಿದ್ದೇನೆ: "ಊಟ ಆಯ್ತಾ, ಅಮ್ಮಾ?"