ಎಡಗಡೆಯ ಸ್ಪ್ರಿಂಗು

ರೀ,

ನೀವು ತೀರಿಹೋಗಿ ಎಂಟು ತಿಂಗಳಾದ ಮೇಲೆ ನಿಮ್ಮ ಹಳೇ ಸ್ಪೋರ್ಟ್ಸ್ ಕಾರು ಇವತ್ತು ನೆಟ್ಟಗೆ ನಿಂತಿದೆ. ನೀವು ಇದನ್ನ ಓದಲ್ಲ, ಆದರೂ ಹೇಳದೇ ಇದ್ದರೆ ನನ್ನ ಸಿಟ್ಟು ಇಳಿಯಲ್ಲ.

ಮೆಕ್ಯಾನಿಕ್ ಹಿಂದಿನ ಎರಡೂ ಸ್ಪ್ರಿಂಗ್ ಬಿಚ್ಚಿ, ಬೆಂಚಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ಸುತ್ತು ಎಣಿಸಿದ. ಬಲಗಡೆಯದು ಸರಿಯಾಗಿತ್ತು. ನಾನು ಕೂರುತ್ತಿದ್ದ ಎಡಗಡೆಯದಕ್ಕೆ ಒಂದು ಸುತ್ತು ಕಮ್ಮಿ, ಕಂಬಿಯೂ ತೆಳು.

"ಇದು ಈ ಕಾರಿನದ್ದೇ ಅಲ್ಲ ಅಮ್ಮಾ. ಹಾಕಿದವರಿಗೂ ಗೊತ್ತಿತ್ತು. ಗಿಡ್ಡ ಆಯ್ತು ಅಂತ ಕೆಳಗೆ ರಬ್ಬರ್ ಪ್ಯಾಕಿಂಗ್ ಕೊಟ್ಟಿದ್ದಾರೆ ನೋಡಿ" ಅಂದ.

ನೋಡಿದೆ. ಇಪ್ಪತ್ತೆರಡು ವರ್ಷದ ಹಿಂದೆ ನೀವೇ ಕಾರು ಬಿಚ್ಚಿ ಜೋಡಿಸಿದಾಗ, ನಾನು ವಾರವೆಲ್ಲ ಹುಡುಕಿದ್ದ ನನ್ನ ಚಪ್ಪಲಿಯ ಅಟ್ಟೆ ಅದು.

ಇಪ್ಪತ್ತೆರಡು ವರ್ಷ, "ನಮ್ಮವಳು ಕೂತರೆ ಕಾರು ಎಡಕ್ಕೆ ವಾಲತ್ತೆ" ಅಂತ ಬಂದವರನ್ನೆಲ್ಲ ನಗಿಸಿದಿರಿ. ನಾನೂ ನಕ್ಕೆ. ರಾತ್ರಿ ಊಟ ಬಿಟ್ಟೆ. ಆಮೇಲೆ ಆ ಕಾರು ಹತ್ತೋದನ್ನೇ ಬಿಟ್ಟೆ. ಕೊನೇ ವರ್ಷ ನೀವು, "ಒಬ್ಬನೇ ಹೋಗೋಕೆ ಬೇಜಾರು ಕಣೇ, ಬಾ" ಅಂತ ಕರೆದಾಗಲೂ ಬರಲಿಲ್ಲ.

ಇವತ್ತು ಸರಿಯಾದ ಸ್ಪ್ರಿಂಗ್ ಹಾಕಿಸಿ, ಹೊಟ್ಟೆತುಂಬ ಉಂಡು, ಹೋಗಿ ನನ್ನ ಜಾಗದಲ್ಲಿ ಕೂತೆ. ಬಲಗಡೆ ತೂಕಕ್ಕೆ ಯಾರೂ ಇರಲಿಲ್ಲ. ಆದರೂ ಕಾರು ವಾಲಲಿಲ್ಲ.