ಹಳದಿ ದಾಸವಾಳದ ಕಡ್ಡಿ

ಬೆಳುವಾಯಿ, ಸೋಮವಾರ

ಅವ್ವಾ,

ನನ್ನ ಬಾಡಿಗೆ ಮನೆಯ ಒಡತಿ ಸೇಸಮ್ಮನ ಅಂಗಳದಲ್ಲಿ ಎರಡು ಸಿಮೆಂಟಿನ ಕೊಕ್ಕರೆಗಳಿವೆ. ಗಿಡಗಳಿಗೆ ನೀರು ಹಾಕುವಾಗ ಅವಕ್ಕೂ ದಿನಾ ಸ್ನಾನ! ನಿನ್ನೆ ಅಲ್ಲಿನ ಹಳದಿ ದಾಸವಾಳದ ಒಂದು ಕಡ್ಡಿ ಕೇಳಿದೆ. "ನಾನು ಕೊಟ್ಟರೆ ಬದುಕುವುದಿಲ್ಲ ಟೀಚರೇ, ಕದ್ದದ್ದೇ ಚಿಗುರುವುದು. ನಾನು ಒಳಗೆ ಹೋಗ್ತೇನೆ" ಎಂದು ಬಾಗಿಲು ಹಾಕಿಕೊಂಡರು. ಕೊಕ್ಕರೆಗಳ ಎದುರೇ ಮುರಿದುಕೊಂಡೆ.

ಕುಚ್ಚಲಕ್ಕಿ ಅನ್ನ ಈಗ ಹೊಟ್ಟೆಗೆ ಒಗ್ಗಿದೆ, ಚಿಂತಿಸಬೇಡ.

ಶಾಲೆಯ ಗಂಟೆ ಹೊಡೆಯಿತು, ಕಾರ್ಡಿನಲ್ಲಿ ಜಾಗವೂ ಇಲ್ಲ. ಗುಲಾಬಿ ಕಡ್ಡಿ ಕದ್ದಳೆಂದು ಪಕ್ಕದ ಮನೆಯ ನೀಲವ್ವನ ಸಂಗಡ ನೀನು ಮಾತು ಬಿಟ್ಟು ಎರಡು ವರ್ಷವಾಯಿತು. ಇನ್ನೊಮ್ಮೆ ಅವಳು ಬೇಲಿಯ ಹತ್ತಿರ ಬಂದರೆ, ಸುಮ್ಮನೆ ಒಳಗೆ ಹೋಗಿಬಿಡು.

ನಿನ್ನ ಶಕ್ಕು