ಕೊಟ್ಟ ಮಗಳ ಸಿನಿಮಾ

ಸುಳ್ಯ
೧೯–೪–೧೯೬೨

ಪ್ರೀತಿಯ ಕುಂಞಿಪಾತುಮ್ಮನಿಗೆ,

ಬೊಂಬಾಯಿಯ ಸೆಕೆಯಲ್ಲಿ ಕೂತು ನನ್ನನ್ನು ಬೈಯುತ್ತಿರಬಹುದು ನೀನು. ಬೈ. ರಂಜಾನಿನಲ್ಲಿ ನೀನು ಬರೆಸಿದ ಕಾಗದಕ್ಕೆ ಇಷ್ಟು ದಿನ ಉತ್ತರ ಹಾಕದವಳಿಗೆ ಬೈಗುಳವೇ ಸರಿ. ಆದರೆ ನಿನ್ನ ಸೊಸೆ ಇದನ್ನು ಓದಿ ಹೇಳುವಾಗ ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಬೇಡ. ಮುನೀರಾ, ನಿಧಾನವಾಗಿ ಓದಮ್ಮ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ.

ನಿನ್ನ ಮಂಡಿನೋವು ಹೇಗಿದೆ? ಮಗನ ಚಹಾದಂಗಡಿಗೆ ದಿನಾ ಮೆಟ್ಟಿಲಿಳಿದು ಹೋಗುತ್ತೀಯಂತೆ. ಸಾಹುಲ್ ಹಮೀದನಿಗೆ ಚಹಾ ಮಾಡಲು ಬರುವುದಿಲ್ಲವೇ, ಅಥವಾ ನಿನಗೆ ಮನೆಯಲ್ಲಿ ಕೂರಲು ಬರುವುದಿಲ್ಲವೇ? ಎರಡನೆಯದೇ ಇರಬೇಕು.

ತಡವಾಗಲು ಕಾರಣ ಒಂದು ಸಿನಿಮಾ. ನಗಬೇಡ. ನಮ್ಮ ಮಾಸ್ತರರು ಬರೆದ ‘ನೀರಡಿಯ ಊರು’ ಕಾದಂಬರಿಯನ್ನು ಸಿನಿಮಾ ಮಾಡುತ್ತೇವೆಂದು ಮದ್ರಾಸಿನ ಕಂಪನಿಯೊಂದರ ಮ್ಯಾನೇಜರು ಫೆಬ್ರವರಿಯಲ್ಲಿ ಕಾರು ಮಾಡಿಕೊಂಡು ಬಂದರು. ಬರೆದವರು ತೀರಿಹೋಗಿ ನಾಲ್ಕು ವರ್ಷವಾಯಿತಲ್ಲ, ಹಕ್ಕು ಹೆಂಡತಿಯದು, ಆದ್ದರಿಂದ ನನ್ನ ಸಹಿ ಬೇಕಂತೆ. ನನ್ನ ಸಹಿಗಾಗಿ ಮದ್ರಾಸಿನಿಂದ ಕಾರು ಬಂತೆಂದರೆ ಊರವರು ಸುಮ್ಮನಿರುತ್ತಾರೆಯೇ? ಒಂದು ವಾರ ನಮ್ಮ ಜಗಲಿ ಖಾಲಿಯಾಗಲಿಲ್ಲ.

ಆ ಪುಸ್ತಕ ಎಲ್ಲಿಂದ ಹುಟ್ಟಿತೆಂದು ನಿನಗೆ ಗೊತ್ತು. ನಮ್ಮ ಮಗಳು ಸೇವಂತಿ ಐದು ವರ್ಷದವಳು ಜ್ವರದಲ್ಲಿ ಹೋದಾಗ ನನ್ನ ಪಕ್ಕ ಕೂತಿದ್ದವಳು ನೀನು. ಆಮೇಲೆ ಮಾಸ್ತರರು ಯಾರೊಡನೆಯೂ ಮಾತಾಡದೆ ಬರೆಯತೊಡಗಿದರು. ಒಬ್ಬಳು ಹುಡುಗಿ ಪಯಸ್ವಿನಿ ಹೊಳೆಯ ಕಲ್ಲುಗಳ ನಡುವೆ ಇಳಿದು ನೀರಿನ ಅಡಿಯ ಊರಿಗೆ ಹೋಗುತ್ತಾಳೆ. ಅಲ್ಲಿ ಮೀನುಗಳು ದೀಪ ಹಿಡಿಯುತ್ತವೆ, ಹಾವುಗಳು ಮಗ್ಗಿ ಕಲಿಸುತ್ತವೆ. ಒಂದೊಂದು ಬಾಗಿಲು ದಾಟಿದಾಗಲೂ ಅವಳಿಗೆ ಒಂದೊಂದು ವರ್ಷ ತುಂಬುತ್ತದೆ. ಹೆಸರನ್ನು ಮಾತ್ರ ಅವರು ಬದಲಿಸಲಿಲ್ಲ, ಸೇವಂತಿಯೆಂದೇ ಇಟ್ಟರು. ಇಲ್ಲಿ ಬೆಳೆಯದವಳನ್ನು ಅಲ್ಲಿ ಬೆಳೆಸಿದರು. ಎಲ್ಲೆಲ್ಲಿಯ ಮಕ್ಕಳೋ ಅದನ್ನು ಓದಿ ಬೆಳೆದರು, ಈಗ ತಮ್ಮ ಮಕ್ಕಳಿಗೆ ಓದಿಸುತ್ತಾರೆ.

ನಿನ್ನ ಹತ್ತಿರ ಮುಚ್ಚಿಡುವುದೇನು? ನನಗೆ ಹುಚ್ಚು ಸಂತೋಷವಾಯಿತು. ಪುಸ್ತಕದಲ್ಲಿ ಅವಳು ದೊಡ್ಡವಳಾಗುತ್ತಾಳೆ, ಆದರೆ ನಾನು ಕಣ್ಣಿಂದ ನೋಡಿದ್ದೇನೆಯೇ? ಸಿನಿಮಾದಲ್ಲಿ ಅವಳು ಸೀರೆಯುಟ್ಟು ನಡೆಯುತ್ತಾಳೆ, ತಲೆ ಬಾಚಿಕೊಳ್ಳುತ್ತಾಳೆ, ತಿರುಗಿ ನೋಡುತ್ತಾಳೆ. ಪುತ್ತೂರಿನ ಟೆಂಟಿನಲ್ಲಿ ಎಲ್ಲರಿಗಿಂತ ಮುಂದೆ ಕೂತು ನೋಡಬೇಕೆಂದು ಲೆಕ್ಕ ಹಾಕಿದ್ದೆ. ಅಂದೇ ಸಹಿ ಹಾಕುತ್ತಿದ್ದೆ. ಆದರೆ ಮ್ಯಾನೇಜರು ಕತೆಯ ಕೊನೆ ಹೇಳಿದರು.

“ಕ್ಲೈಮ್ಯಾಕ್ಸಲ್ಲಿ ರಾಜಕುಮಾರ ನೀರಿಗಿಳಿದು ಸೇವಂತೀನ ಮದುವೆ ಆಗ್ತಾನೆ, ಅಮ್ಮ. ಮದುವೆ ಇಲ್ದೆ ಪಿಕ್ಚರ್ ಮುಗಿಸಿದ್ರೆ ಜನ ಕುರ್ಚಿ ಮುರೀತಾರೆ.”

ನನ್ನ ಮಗ ಬೋಜಪ್ಪ ನಕ್ಕ. ನನಗೆ ನಗು ಬರಲಿಲ್ಲ. ಏಕೆಂದು ನಿನಗೆ ತಿಳಿಯಬೇಕಾದರೆ, ನೀನು ಬೊಂಬಾಯಿಗೆ ಹೋದ ಮೇಲೆ ಇಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಆಗ ನಿನಗೆ ಬರೆಯಲು ನಾಚಿಕೆಯಾಗಿತ್ತು.

ಬೋಜಪ್ಪನಿಗೆ ಹೆಣ್ಣು ನೋಡುತ್ತಿದ್ದ ಕಾಲ. ಕೂಡಿಬಂದ ಸಂಬಂಧಗಳೆಲ್ಲ ಒಂದಾದ ಮೇಲೊಂದು ಮುರಿದವು. ಮದುವೆಯಾಗದೆ ಹೋದ ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ, ಅವಳನ್ನು ದಾಟಿ ತಮ್ಮ ಹೇಗೆ ಹಸೆ ಏರುತ್ತಾನೆ ಎಂದರು ಜೋಯಿಸರು. ಇಂಥದ್ದಕ್ಕೆ ನಮ್ಮಲ್ಲಿ ಪ್ರೇತಮದುವೆ ಮಾಡುತ್ತಾರೆ. ಸತ್ತ ಹುಡುಗಿಗೆ ಬೇರೆ ಬಳಿಯ, ಎಂದರೆ ಬೇರೆ ಗೋತ್ರದ, ಸತ್ತ ಹುಡುಗನನ್ನು ಹುಡುಕುವುದು, ಜಾತಕವನ್ನೂ ನೋಡುವುದು. ಕಡಬದ ಜತ್ತಪ್ಪನವರ ಹಿರಿಮಗ ತ್ಯಾಂಪಣ್ಣ ಸಣ್ಣವನಿರುವಾಗ ಕುಮಾರಧಾರೆಯಲ್ಲಿ ಮುಳುಗಿಹೋಗಿದ್ದ. ಸತ್ತವರಿಗೆ ಎಲೆ ಹಾಕಿ ಬಡಿಸುವ ಆಟಿ ತಿಂಗಳಲ್ಲಿ ಮದುವೆಯಾಯಿತು. ಎರಡು ಬೆಳ್ಳಿಯ ಬೊಂಬೆ, ಸೀರೆ, ಬಳೆ, ಕರಿಮಣಿ, ಹೂವು, ಊಟ ಎಲ್ಲ ಇತ್ತು. ಮಾಸ್ತರರೇ ಧಾರೆ ಎರೆದರು. ಆ ಸೀರೆಯನ್ನು ಗಂಡಿನ ಕಡೆಯವರು ಕಡಬಕ್ಕೆ ಒಯ್ಯುವಾಗ ನಾನು ಬೇಲಿಯ ದಣಪೆಯ ಹತ್ತಿರ ನಿಂತು ಅತ್ತೆ, ಪಾತು. ಹೆಣ್ಣು ಕಳಿಸುವ ಯಾವ ತಾಯಿಗಿಂತಲೂ ಕಡಿಮೆ ಅಳಲಿಲ್ಲ.

ಮರುವರ್ಷ ಬೋಜಪ್ಪನ ಮದುವೆ ಸಲೀಸಾಗಿ ನಡೆಯಿತು. ಆದರೆ ಮಾಸ್ತರರು ಪುಸ್ತಕದ ಎರಡನೆಯ ಭಾಗ ಅರ್ಧ ಬರೆದಿದ್ದವರು ಅಲ್ಲಿಗೇ ನಿಲ್ಲಿಸಿದರು. ಕೇಳಿದ್ದಕ್ಕೆ, “ಕೊಟ್ಟ ಮಗಳ ಸುದ್ದಿ ತೌರಿನವರು ಬರೆದುಕೊಂಡು ಕೂರುದಲ್ಲ” ಎಂದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಗಾದೆಯನ್ನು ಅಷ್ಟು ನಿಜ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಸಿನಿಮಾದ ಸುದ್ದಿ ಕಡಬಕ್ಕೆ ಬಸ್ಸಿಗಿಂತ ಮೊದಲು ಮುಟ್ಟಿತು. ಜತ್ತಪ್ಪನವರು ಬಂದು ಬೆಂಚಿನ ತುದಿಯಲ್ಲಿ ಕೂತರು. ಬೆಲ್ಲ ನೀರು ಇಟ್ಟರೆ ಮುಟ್ಟಲಿಲ್ಲ.

“ದೇವಮ್ಮಕ್ಕ, ನಮ್ಮ ಸೊಸೆಗೆ ಇನ್ನೊಂದು ಮದುವೆ ಮಾಡ್ತೀರಂತೆ?”

ಬೋಜಪ್ಪ ನಡುವೆ ಬಾಯಿ ಹಾಕಿದ. “ಅದು ಕತೆ ಮಾವ. ಅವಳು ಕಾಗದದ ಹುಡುಗಿ.”

“ಹಾಗಾದ್ರೆ ನೀವು ನಮಗೆ ಕೊಟ್ಟದ್ದು ಎಂತ ಮಾರಾಯ? ಬರೀ ಸೀರೆಯಾ?”

ಬೋಜಪ್ಪ ಎದ್ದು ಅಂಗಳಕ್ಕಿಳಿದ.

ಜತ್ತಪ್ಪನವರು ಅಷ್ಟಕ್ಕೇ ಬಿಡಲಿಲ್ಲ, ಗಂಡನ ಮನೆಯವರ ಒಪ್ಪಿಗೆಯಿಲ್ಲದೆ ಸಿನಿಮಾ ತೆಗೆಯಬಾರದೆಂದು ಕಂಪನಿಗೆ ನೋಟೀಸು ಕೊಡಿಸಿದರು. ಮ್ಯಾನೇಜರು ಮತ್ತೆ ಓಡಿ ಬಂದರು. ಹೋದ ವಾರ ಪುತ್ತೂರಿನ ದರ್ಬೆಯಲ್ಲಿ ವಕೀಲರ ಆಫೀಸಿನಲ್ಲಿ ಎಲ್ಲರೂ ಸೇರಿದೆವು. ಜತ್ತಪ್ಪನವರು ಹೆಂಡತಿಯನ್ನೂ ಕರೆತಂದಿದ್ದರು.

ವಕೀಲರು ನಗು ತಡೆದುಕೊಂಡು ಹೇಳಿದರು, “ಕಾನೂನಿನಲ್ಲಿ ಸತ್ತವರಿಗೆ ಮದುವೆ ಅಂತ ಇಲ್ಲ ಮಾರಾಯ್ರೆ. ಪುಸ್ತಕದ ಹಕ್ಕು ಈ ಅಮ್ಮನದ್ದು. ಇವರು ಸೈನು ಹಾಕಿದ್ರೆ ಮುಗಿಯಿತು, ನಿಮ್ಮದೆಂತ ನಡೆಯುದಿಲ್ಲ.”

ನನ್ನ ಕೈಯಲ್ಲಿ ಪೆನ್ನು ಕೊಟ್ಟರು. ಅಷ್ಟರಲ್ಲಿ ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಬೀಗತಿ ಮಾತಾಡಿದರು. ವಕೀಲರಿಗಲ್ಲ, ನನಗೆ.

“ಪ್ರತಿ ಆಟಿಯಲ್ಲಿ ಇಬ್ಬರಿಗೂ ಎಲೆ ಹಾಕುದು ನಾನು. ಅವಳ ಎಲೆಗೆ ಒಂದು ತುಂಡು ಬೆಲ್ಲ ಹೆಚ್ಚು ಇಡುದು. ಸಣ್ಣದಿರುವಾಗ ಬೆಲ್ಲ ಕೇಳ್ತಿದ್ದಳು ಅಂತ ನೀವೇ ಹೇಳಿದ್ದಲ್ವಾ? ಅವನಿಗೆ ಜೊತೆಗೆ ಒಬ್ಬಳು ಉಂಟು ಅಂತ ಆದ ಮೇಲೆಯೇ ನನಗೆ ಕಣ್ಣಿಗೆ ನಿದ್ದೆ ಬಂದದ್ದು. ಊರೆಲ್ಲ ನೋಡುವಾಗ ಅವಳು ಇನ್ನೊಬ್ಬನ ಕೈ ಹಿಡಿದ್ರೆ, ನಮ್ಮ ಹುಡುಗ ಎಲ್ಲಿಗೆ ಹೋಗುದು ಅಕ್ಕ?”

ಮದುವೆಯೊಂದನ್ನು ತೆಗೆದುಬಿಡಿ, ಉಳಿದದ್ದು ಹೇಗೆ ಬೇಕಾದರೂ ಮಾಡಿಕೊಳ್ಳಿ ಎಂದು ನಾನು ಮ್ಯಾನೇಜರನ್ನು ಕೇಳಿಕೊಂಡೆ. ಕೈಮುಗಿದು ಕೇಳಿದೆ, ನನ್ನಂಥ ಜಂಬದವಳು. “ಆಗಲ್ಲಮ್ಮ, ಹೀರೋನ ಬುಕ್ ಮಾಡಿ ಆಗಿದೆ. ಮದುವೆ ಇಲ್ಲಾಂದ್ರೆ ಅವರಿಗೇನು ಕೆಲಸ?” ಎಂದರು.

ನಾನು ಪೆನ್ನು ಕೆಳಗಿಟ್ಟೆ. “ಹಾಗಾದ್ರೆ ಆಗುದಿಲ್ಲ. ಹುಡುಗಿಯ ಗಂಡನ ಮನೆಯವರು ಒಪ್ಪುದಿಲ್ಲ” ಎಂದೆ.

ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಮ್ಯಾನೇಜರು ಚೀಲ ಎತ್ತಿಕೊಂಡು ಹೋದರು. ಬೀಗತಿ ನನ್ನ ಕೈ ಹಿಡಿದುಕೊಂಡದ್ದು ಬಸ್‌ಸ್ಟ್ಯಾಂಡಿನವರೆಗೂ ಬಿಡಲಿಲ್ಲ.

ಬರುವಾಗ ಬೋಜಪ್ಪ ಸಿಟ್ಟಿನಲ್ಲಿ ಬಸ್ಸಿನ ಹಿಂದೆ ಹೋಗಿ ಕೂತ. ನನ್ನ ಪಕ್ಕದ ಸೀಟು ಖಾಲಿಯಿತ್ತು. ಕುಂಬ್ರದಲ್ಲಿ ಹತ್ತಿದ ಹೆಂಗಸೊಬ್ಬಳು “ಇಲ್ಲಿ ಜನ ಉಂಟಾ?” ಎಂದು ಕೇಳಿದಾಗ ನನ್ನ ಬಾಯಿಂದ “ಉಂಟು” ಎಂದು ಬಂದುಬಿಟ್ಟಿತು. ಆ ಬಡಪಾಯಿ ಜಾಲ್ಸೂರಿನವರೆಗೆ ನಿಂತೇ ಬಂದಳು. ನಾನು ಆ ಸೀಟಿನ ಕಡೆ ತಿರುಗಿ ನೋಡಲಿಲ್ಲ. ನೋಡಲು ಭಯವಾಯಿತು.

ಬೋಜಪ್ಪ ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. “ಅಪ್ಪನ ಹೆಸರು ಪರದೆಯಲ್ಲಿ ಬರುದನ್ನು ತಪ್ಪಿಸಿದ್ದು ನೀನೇ ಅಮ್ಮ” ಎನ್ನುತ್ತಾನೆ. ಅವನು ಹೇಳುವುದೂ ಸುಳ್ಳಲ್ಲ. ಮಾಡಿದ್ದು ಸರಿಯೆಂದು ನನಗೆ ಗೊತ್ತಿದೆ. ಆದರೂ ಒಮ್ಮೆ ನೋಡಬೇಕಿತ್ತು ಪಾತು, ಒಂದೇ ಒಂದು ಸಲ.

ಇರಲಿ. ಮುನೀರಾಳ ಮಕ್ಕಳಿಗೆ ನನ್ನ ಆಶೀರ್ವಾದ ಹೇಳು, ಯಾರ ಕಣ್ಣೂ ತಾಗದ ಹಾಗೆ ಅವು ಬೆಳೆಯಲಿ. ಸಾಹುಲ್ ಹಮೀದನ ಅಂಗಡಿ ತುಂಬಿರಲಿ. ನೀನು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೋ, ಶೋಕಿ ಮಾಡಬೇಡ.

ನಿನ್ನ ಹಳೆಯ ಜಗಳಗಂಟಿ,
ದೇವಮ್ಮ

ಮ. ವಿ.: ಒಂದು ಮಾತು ಉಳಿಯಿತು. ಮರೆತು ಉಳಿದದ್ದಲ್ಲ, ಬರೆಯಲು ಕೈ ಬಾರದೆ ಉಳಿದದ್ದು. ಸೇವಂತಿ ಆಗುವ ನಟಿಯ ಫೋಟೋವನ್ನು ಮ್ಯಾನೇಜರು ಮೊದಲ ದಿನವೇ ತೋರಿಸಿದ್ದರು. ಚಂದದ ಹುಡುಗಿ. ನಾನು ಆಸೆಯಿಂದ ನೋಡಿದೆ, ಒಳಗೆ ಒಯ್ದು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಅಂದಿನಿಂದ ಕಣ್ಣು ಮುಚ್ಚಿದರೆ ನಮ್ಮ ಮಗು ಅಂಗಳದಲ್ಲಿ ಕೂತು ಕಲ್ಲಾಟ ಆಡುತ್ತಿರುತ್ತದೆ. ಅದೇ ಲಂಗ, ಅದೇ ಪುಟ್ಟ ಕೈಗಳು. ಕರೆದರೆ ತಲೆಯೆತ್ತುತ್ತದೆ. ಮುಖ ಮಾತ್ರ ಆ ನಟಿಯದು, ಹುಬ್ಬು ತೀಡಿದ್ದು, ತುಟಿಗೆ ಬಣ್ಣ ಹಚ್ಚಿದ್ದು. ಎಷ್ಟು ಒರೆಸಿದರೂ ಹೋಗುತ್ತಿಲ್ಲ.

ಅವಳದ್ದೊಂದು ಫೋಟೋ ನಾವು ತೆಗೆಸಿರಲಿಲ್ಲ. ಮಾಸ್ತರರು ಪುಸ್ತಕದ ತುಂಬ ಅವಳ ಮಾತು ಬರೆದಿದ್ದಾರೆ, ಮುಖ ಬರೆದಿಲ್ಲ. ಮೊನ್ನೆಯಿಂದ ಪುಟ ಪುಟ ಹುಡುಕಿದೆ. ಬೀಗತಿಯನ್ನು ಕೇಳುವ ಹಾಗಿಲ್ಲ, ಅವರು ಸೊಸೆಯನ್ನು ನೋಡಿದವರಲ್ಲ. ಬೋಜಪ್ಪ ಹುಟ್ಟಿದ್ದು ಅವಳು ಹೋದ ಮೇಲೆ. ನೀನು ಅವಳನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು. ಅವಳ ಮೂಗು ಹೇಗಿತ್ತು, ಕಣ್ಣು ಹೇಗಿತ್ತು, ನಕ್ಕರೆ ಕೆನ್ನೆಯಲ್ಲಿ ಕುಳಿ ಬೀಳುತ್ತಿತ್ತೋ ಇಲ್ಲವೋ, ಮುನೀರಾಳ ಕೈಯಲ್ಲಿ ಬರೆಸು. ಬೇಗ ಬರೆಸು. ಅವಳನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ನಾವಿಬ್ಬರೇ, ಮತ್ತು ನನಗೆ ಮರೆತುಹೋಗಿದೆ.